ತಪ್ಪು ಉತ್ತರ ಹೇಳಲು ನನಗೆ ಕಲಿಸಿದವರು

ನಮ್ಮ ಬೆಳಗ್ಗಿನ ಬಸ್ಸಿಗೆ ಈಗ ಹೊಸ ಕಂಡಕ್ಟರು ಬಂದಿದ್ದಾರೆ. ಒಳ್ಳೆಯವರೇ. ಟಿಕೆಟಿನ ಮಿಷನ್ ಒತ್ತಿ, ಚೀಟಿ ಹರಿದು ಕೊಟ್ಟು, ಮುಂದೆ ಹೋಗುತ್ತಾರೆ. ಅವರ ಮೇಲೆ ನನಗೆ ದೂರಿಲ್ಲ. ಆದರೆ ಸೊಸೈಟಿ ಸ್ಟಾಪು ದಾಟಿದ ಕೂಡಲೇ ನನ್ನ ಬಾಯಿ ತನ್ನಷ್ಟಕ್ಕೇ ಒಂದು ತಪ್ಪು ಉತ್ತರಕ್ಕೆ ತಯಾರಾಗುತ್ತದೆ. ಪ್ರಶ್ನೆ ಕೇಳುವವರು ಮಾತ್ರ ಇಲ್ಲ.

ಕೇಳುತ್ತಿದ್ದವರು ಹಳೆಯ ಕಂಡಕ್ಟರು. ಹೆಸರು ಹೇಳಿದರೆ ಅವರಿಗೆ ನಾಚಿಕೆಯಾಗುತ್ತದೆ, ಆದ್ದರಿಂದ ಹೇಳುವುದಿಲ್ಲ. ಶಿರ್ತಾಡಿಯಿಂದ ಮೂಡುಬಿದಿರೆಗೆ ಹೋಗುವ ಆ ಖಾಸಗಿ ಬಸ್ಸಿನಲ್ಲಿ ಅವರು ಎಷ್ಟು ವರ್ಷ ಇದ್ದರೋ, ನನ್ನ ಮಗ ಶಾಲೆಗೆ ಹೋಗುವಾಗಲೂ ಅವರೇ, ಮೊಮ್ಮಗಳು ಹೋಗುವಾಗಲೂ ಅವರೇ. ಗಿಡ್ಡ ದೇಹ, ಖಾಕಿ ಅಂಗಿಯ ಕಾಲರಿನೊಳಗೆ ಮಡಚಿಟ್ಟ ಕರವಸ್ತ್ರ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟುಗಳು. ಸೀಟಿ ಇದ್ದರೂ ಊದುವುದು ಕಡಿಮೆ. ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಬಾರಿ ಬಡಿದು "ರೈಟ್, ಪೋಯಿ" ಎಂದು ಬಸ್ಸು ಹೊರಡಿಸುವರು. ಕುಳಿತವರ ಮಡಿಲಿಗೆ ನಿಂತ ಮಕ್ಕಳ ಚೀಲ ಹೇರುವುದರಲ್ಲಿ ಅವರಿಗೆ ದಾಕ್ಷಿಣ್ಯವೆಂಬುದೇ ಇರಲಿಲ್ಲ. ಬ್ಯಾಂಕಿನ ಮ್ಯಾನೇಜರಾದರೂ ಸರಿ, "ಸ್ವಲ್ಪ ಹಿಡ್ಕೊಳ್ಳಿ ಸರ್, ಒಳಗೆ ವಿಜ್ಞಾನ ಉಂಟು" ಎಂದು ಮೂರು ಚೀಲಗಳನ್ನು ಒಂದರ ಮೇಲೊಂದು ಇಟ್ಟುಬಿಡುವರು.

ಪ್ರಾಜೆಕ್ಟ್ ಕೊಡಬೇಕಾದ ದಿನ ಅವರನ್ನು ನೋಡಬೇಕಿತ್ತು. ಥರ್ಮೊಕೋಲಿನ ಮನೆ, ರಟ್ಟಿನ ಗಾಳಿಯಂತ್ರ, ಬಾಟಲಿ ಕತ್ತರಿಸಿ ಬಲೂನು ಕಟ್ಟಿದ ಶ್ವಾಸಕೋಶ. "ಪ್ರಾಜೆಕ್ಟಿಗೆ ದಾರಿ ಬಿಡಿ, ಪ್ರಾಜೆಕ್ಟಿಗೆ ದಾರಿ!" ಎಂದು ಕೂಗುತ್ತ ಎಲ್ಲವನ್ನೂ ಡ್ರೈವರಿನ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಸಾಲಾಗಿ ಇಡಿಸುವರು. ಒಮ್ಮೆ ಒಂದು ಮಗುವಿನ ಸೌರಮಂಡಲದಿಂದ ಶನಿಗ್ರಹ ಕಳಚಿ ಸೀಟುಗಳ ಅಡಿಗೆ ಉರುಳಿಹೋಯಿತು. ಮಗು ಅಳಲು ಶುರುಮಾಡಿತು. ಇವರು ಬಸ್ಸು ನಿಲ್ಲಿಸಿಯೇಬಿಟ್ಟರು.

"ಎಲ್ಲರೂ ಕಾಲು ಎತ್ತಿ! ಶನಿ ಸಿಗದೆ ಬಸ್ಸು ಹೋಗುವುದಿಲ್ಲ."

ಹಿಂದಿನ ಸೀಟಿನ ಒಬ್ಬ ಮುದುಕರು ಗಾಬರಿಯಿಂದ ಎದ್ದು ನಿಂತರು. "ಎಂತ? ಶನಿ ಬಸ್ಸಿನಲ್ಲಿ ಉಂಟಾ? ಏಳೂವರೆ ವರ್ಷ ಕಳೆದು ಈಗಷ್ಟೇ ಹೊರಗೆ ಬಿದ್ದವ ನಾನು ಮಾರಾಯ. ನನ್ನನ್ನು ಇಲ್ಲೇ ಇಳಿಸು."

ಕೊನೆಗೆ ಶನಿ ಸಿಕ್ಕಿದ್ದು ಆ ಮುದುಕರ ಕೊಡೆಯ ಒಳಗೇ. ಬಸ್ಸಿಗೆ ಬಸ್ಸೇ ನಕ್ಕಿತು. ಮೂಡುಬಿದಿರೆ ಮುಟ್ಟುವಾಗ ಹತ್ತು ನಿಮಿಷ ತಡವಾಗಿ, ಹಿಂದಿನ ಬಸ್ಸಿನವರಿಂದ ಕಂಡಕ್ಟರಿಗೆ ಬೈಗುಳವೂ ಸಿಕ್ಕಿತು.

ನಾನು ಆ ಬಸ್ಸು ಹತ್ತುವ ಹಾಗಾದದ್ದು ಮೊಮ್ಮಗಳು ಪ್ರಾಪ್ತಿಯಿಂದ. ಮಗ ಕತಾರಿನಲ್ಲಿ ಲಾರಿ ಓಡಿಸುತ್ತಾನೆ. ಸೊಸೆ ಬೆಳಕು ಹರಿಯುವಾಗಲೇ ಮೂಡುಬಿದಿರೆ ಕಡೆಯ ಗೇರುಬೀಜದ ಫ್ಯಾಕ್ಟರಿಗೆ ಹೊರಡುತ್ತಾಳೆ. ಹಾಗಾಗಿ ಬೆಳಗ್ಗೆ ಮಗುವನ್ನು ಶಾಲೆಗೆ ಮುಟ್ಟಿಸುವುದು ನಾನು, ಸಂಜೆ ಕರೆತರುವುದು ಸೊಸೆ. ನಾನು ಓದಿದ್ದು ಮೂರನೆಯ ತರಗತಿ. ಮತ್ತೆಲ್ಲ ಬೀಡಿ ಕಟ್ಟಿದ್ದು.

ಪ್ರಾಪ್ತಿ ದಡ್ಡಿಯಲ್ಲ. ಮನೆಯಲ್ಲಿ ಓದುತ್ತಾಳೆ, ಬರೆಯುತ್ತಾಳೆ. ಆದರೆ ಯಾರಾದರೂ ಎದುರು ನಿಂತು ಪ್ರಶ್ನೆ ಕೇಳಿದರೆ ಮುಗಿಯಿತು. ಕಣ್ಣು ನೆಲಕ್ಕೆ, ಬಾಯಿಗೆ ಬೀಗ. ಪರೀಕ್ಷೆಯ ಕಾಗದವೂ ಅವಳಿಗೆ ಎದುರು ನಿಂತ ಮನುಷ್ಯನ ಹಾಗೆಯೇ ಕಾಣುತ್ತಿತ್ತೋ ಏನೋ, ಐದನೆಯ ತರಗತಿಯ ಮೊದಲ ಎರಡು ಟೆಸ್ಟಿನಲ್ಲಿ ವಿಜ್ಞಾನದ ಉತ್ತರ ಪತ್ರಿಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ಪುಸ್ತಕದ ಮೇಲೆ ಪರಿಸರ ಅಧ್ಯಯನ ಎಂದು ಬರೆದಿದ್ದರೂ ನಾವೆಲ್ಲ ವಿಜ್ಞಾನವೆಂದೇ ಹೇಳುವುದು.

ಮಗ ಫೋನಿನಲ್ಲಿ ಹೇಳಿದ: "ಕೊನೆಯ ಪರೀಕ್ಷೆಯಲ್ಲೂ ಹೀಗೇ ಆದರೆ ಬಂಟ್ವಾಳದ ಆಚೆ ಒಂದು ಹಾಸ್ಟೆಲಿನ ಶಾಲೆ ಉಂಟು ಅಮ್ಮ, ಅಲ್ಲಿಗೆ ಹಾಕುವ. ಅಲ್ಲಿ ಬಾಯಿ ಬಿಡಿಸ್ತಾರೆ."

ಅವನ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಈ ಮಗು ಜ್ವರ ಬಂದರೂ ಹೇಳುವುದಿಲ್ಲ. ಹಣೆ ಮುಟ್ಟಿ ನೋಡಿಯೇ ನಮಗೆ ಗೊತ್ತಾಗಬೇಕು. ಹಾಸ್ಟೆಲಿನಲ್ಲಿ ಹಣೆ ಮುಟ್ಟುವವರು ಯಾರು?

ಕಂಡಕ್ಟರಿಗೆ ಒಂದು ಅಭ್ಯಾಸವಿತ್ತು. ಟಿಕೆಟಿನ ಚರ್ಮದ ಚೀಲದಲ್ಲಿ ಕ್ಯಾಲೆಂಡರಿನ ಹಾಳೆಯ ಬೈಂಡು ಹಾಕಿದ ಒಂದು ಪಾಠಪುಸ್ತಕ ಇರುತ್ತಿತ್ತು. ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿಗೆ ಶಾಲೆಯ ಮಕ್ಕಳಿಗೆ ಒಂದು ಪ್ರಶ್ನೆ. ಮಾತುಕತೆಯೆಲ್ಲ ತುಳುವಿನಲ್ಲಿ, ಪ್ರಶ್ನೆ ಮಾತ್ರ ಕನ್ನಡದಲ್ಲಿ, ಪುಸ್ತಕದಲ್ಲಿ ಇದ್ದ ಹಾಗೆಯೇ. ಟೆಸ್ಟ್ ಹತ್ತಿರ ಬಂದರೆ ಒಂದು ಸ್ಟಾಪಿಗೆ ಎರಡು. ಯಾಕೆ ಈ ಉಸಾಬರಿ ಎಂದು ನಾನು ಒಮ್ಮೆ ಕೇಳಿದ್ದೆ. "ನಾನು ಹತ್ತನೆಯಲ್ಲಿ ವಿಜ್ಞಾನದಲ್ಲಿ ಮೂರು ಸಲ ಫೇಲಾಗಿ ಹೋದವ ಅಕ್ಕ. ಆಗ ಉತ್ತರ ಬರಲಿಲ್ಲ. ಪ್ರಶ್ನೆ ಕೇಳಲಿಕ್ಕಾದರೂ ಬರ್ತದಾ ನೋಡುವ ಅಂತ" ಎಂದು ನಕ್ಕು, ಸೊಸೈಟಿ ಸ್ಟಾಪಿನಲ್ಲಿ ಹತ್ತಿದವರ ಟಿಕೆಟಿಗೆ ಹೋದರು.

ಪ್ರಾಪ್ತಿಯನ್ನೂ ಅವರು ಕೇಳಿ ನೋಡಿದರು. ಅವಳು ಕಿಟಕಿಯ ಸರಳಿಗೆ ಅಂಟಿಕೊಂಡಳು. ಎರಡು ದಿನ ಹೀಗೆಯೇ. ಇಳಿಯುವಾಗ ಹಾಸ್ಟೆಲಿನ ಸಂಗತಿಯನ್ನು ನಾನು ಅವರಿಗೆ ಹೇಳಿದೆ. ಮೂರನೆಯ ದಿನ ಅವರು ಅವಳತ್ತ ನೋಡಲೇ ಇಲ್ಲ. ನನ್ನ ಎದುರು ಬಂದು ನಿಂತರು.

"ಅಕ್ಕ, ನಿಮಗೊಂದು ಪ್ರಶ್ನೆ. ಸಸ್ಯಗಳು ತಮ್ಮ ಆಹಾರವನ್ನು ಯಾವ ಭಾಗದಲ್ಲಿ ತಯಾರಿಸುತ್ತವೆ?"

"ನನ್ನನ್ನು ಎಂತಕ್ಕೆ ಕೇಳುವುದು ಮಾರಾಯ್ರೆ? ನಾನು ಮೂರನೇ ಕ್ಲಾಸು."

"ಟಿಕೆಟ್ ತಕ್ಕೊಂಡವರೆಲ್ಲ ಉತ್ತರ ಹೇಳಬೇಕು. ಇದು ಬಸ್ಸಿನ ಕಾನೂನು."

ನಾನು ಆಲೋಚನೆ ಮಾಡಿ, "ಬೇರಿನಲ್ಲಿ. ನಾವು ಗೊಬ್ಬರ ಹಾಕುವುದು ಬೇರಿಗಲ್ಲವಾ?" ಎಂದೆ. ಅಕ್ಕಪಕ್ಕದವರು ಹೌದು ಹೌದೆಂದರು. ಒಬ್ಬರಂತೂ ತಮ್ಮ ತೆಂಗಿನ ಬುಡಕ್ಕೆ ಹಾಕಿದ ಸೊಪ್ಪಿನ ಲೆಕ್ಕವನ್ನೂ ಹೇಳಿದರು. ಕಂಡಕ್ಟರು ಗಂಭೀರವಾಗಿ, "ಹಾಗಾದರೆ ಬೇರು ಅಂತಲೇ ಬರೆದುಕೊಳ್ಳಿ ಮಕ್ಕಳೇ" ಎಂದರು.

ನನ್ನ ಸೆರಗು ಯಾರೋ ಜಗ್ಗಿದ ಹಾಗಾಯಿತು.

"ಬೇರಲ್ಲ ಅಜ್ಜಿ" ಎಂದು ಪಿಸುಮಾತು. "ಎಲೆಯಲ್ಲಿ. ಬೇರು ನೀರು ಕೊಡುವುದು ಮಾತ್ರ."

"ಯಾರು ಹೇಳಿದ್ದು?" ಎಂದರು ಕಂಡಕ್ಟರು, ಬೇರೆಲ್ಲೋ ನೋಡುತ್ತ. "ಕೇಳಲಿಲ್ಲ. ಇಂಜಿನ್ ಶಬ್ದ."

"ಎಲೆಯಲ್ಲಿ!" ಎಂದಳು ಪ್ರಾಪ್ತಿ.

ಅವರು ಹೊಗಳಲಿಲ್ಲ, ತಲೆ ಸವರಲಿಲ್ಲ. ತಗಡಿಗೆ ಎರಡು ಬಾರಿ ಬಡಿದು ಮುಂದಿನವರ ಟಿಕೆಟಿಗೆ ಹೋದರು. ಅವರ ಜಾಣತನ ಅದು ಎಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ಆ ಮಗುವಿಗೆ ತನ್ನ ಬಾಯಿ ಬಿಡುವುದು ಕಷ್ಟ. ಆದರೆ ಅಜ್ಜಿ ನಾಲ್ಕು ಜನರ ನಡುವೆ ತಪ್ಪು ಹೇಳುವುದನ್ನು ಸಹಿಸುವುದು ಅದಕ್ಕಿಂತ ಕಷ್ಟ.

ಅಲ್ಲಿಂದ ದಿನವೂ ನಾನೇ ಅವರ ವಿದ್ಯಾರ್ಥಿನಿ. ಬಾವಲಿ ಹಕ್ಕಿ ಎಂದೆ. ಪ್ರಾಪ್ತಿ ತಿದ್ದಿದಳು. ಸೂರ್ಯ ಗ್ರಹವೋ ನಕ್ಷತ್ರವೋ ಎಂದು ಕೇಳಿದಾಗ ನನಗೆ ಸಂಶಯವೇ ಇರಲಿಲ್ಲ. "ಗ್ರಹ. ದೇವಸ್ಥಾನದಲ್ಲಿ ನವಗ್ರಹದ ಕಲ್ಲಿನಲ್ಲಿ ನಟ್ಟನಡುವೆ ಕೂತದ್ದು ಯಾರು ಮತ್ತೆ?" ಬಸ್ಸಿನಲ್ಲಿ ಅರ್ಧ ಜನ ನನ್ನ ಕಡೆ. ಪ್ರಾಪ್ತಿ ಆ ದಿನ ಸೀಟಿನ ಮೇಲೆ ಹತ್ತಿ ನಿಂತು, "ಪೂಜೆಗೆ ಗ್ರಹ ಆಗಲಿ ಅಜ್ಜಿ, ಪರೀಕ್ಷೆಗೆ ನಕ್ಷತ್ರ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಇದರ ನಡುವೆ ಎಲೆಗಳ ಪ್ರಾಜೆಕ್ಟ್ ಬಂತು. ಹತ್ತು ಬಗೆಯ ಎಲೆ ಒಣಗಿಸಿ ಅಂಟಿಸಬೇಕು, ಪಕ್ಕದಲ್ಲಿ ಮರದ ಹೆಸರು, ಸಿಕ್ಕಿದ ಜಾಗ. ಮಾವು, ಹಲಸು, ಪುನರ್ಪುಳಿ ಎಂದು ಒಂಬತ್ತು ಆಯಿತು. ಹತ್ತನೆಯದಕ್ಕೆ ನಾನು ಬೀಡಿ ಕಟ್ಟಲು ಮಡಿಲಲ್ಲಿಡುವ ಗೆರಸೆಯಿಂದ ಒಂದು ಒಳ್ಳೆಯ ಬೀಡಿ ಎಲೆ ತೆಗೆದು ಕೊಟ್ಟೆ. ನನಗೆ ಅದಕ್ಕಿಂತ ಚೆನ್ನಾಗಿ ಗೊತ್ತಿರುವ ಎಲೆ ಯಾವುದು? ಸಿಕ್ಕಿದ ಜಾಗ: ಅಜ್ಜಿಯ ಗೆರಸೆ. ಮರದ ಹೆಸರು? ಪೆನ್ಸಿಲ್ ಹಿಡಿದು ಮಗು ನನ್ನ ಮುಖ ನೋಡಿತು. ನಲವತ್ತು ವರ್ಷ ಆ ಎಲೆಯನ್ನು ನೀರಿಗೆ ಹಾಕಿ, ಕತ್ತರಿಸಿ, ಸುರುಳಿ ಸುತ್ತಿದವಳು ನಾನು. ಅದಕ್ಕೊಂದು ಮರ ಇರಬೇಕೆಂದೇ ನನಗೆ ಹೊಳೆದಿರಲಿಲ್ಲ. ಎಲೆ ಎಂದರೆ ಬೀಡಿ ಕಂಪೆನಿಯ ಬ್ರಾಂಚಿನಿಂದ ಕಟ್ಟು ಕಟ್ಟಾಗಿ ಬರುವುದು, ಅಷ್ಟೆ.

ಮರುದಿನ ಬಸ್ಸಿನಲ್ಲಿ ಕೇಳಿದೆವು. ಏಳೆಂಟು ಜನ ಬೀಡಿ ಕಟ್ಟುವ ಹೆಂಗಸರಿದ್ದರು. ಒಬ್ಬರಿಗೂ ಗೊತ್ತಿಲ್ಲ. "ಅದು ಮರವಾ? ಬಳ್ಳಿ ಅಂತ ಮಾಡಿದ್ದೆ" ಎಂದಳು ಒಬ್ಬಳು. ಕಂಡಕ್ಟರು ತಲೆ ಕೆರೆದುಕೊಂಡು, "ಇದು ನನಗೂ ಹೋಯಿತು" ಎಂದರು. ಮಾರನೆಯ ಬೆಳಗ್ಗೆ ಟಿಕೆಟಿನ ಹಿಂಬದಿಯಲ್ಲಿ ಬರೆದು ತಂದಿದ್ದರು. ಬಯಲುಸೀಮೆಯ ಲಾರಿ ಡ್ರೈವರೊಬ್ಬರನ್ನು ಕೇಳಿದರಂತೆ. ಅವರ ಕಡೆ ಅದಕ್ಕೆ ತುಮರಿ ಮರ ಎನ್ನುತ್ತಾರಂತೆ, ಹಳದಿ ಹಣ್ಣು ಬಿಡುತ್ತದಂತೆ, ತಿನ್ನಲು ಸಿಹಿಯಂತೆ. ಬೀಡಿಯ ಹೆಂಗಸರೆಲ್ಲ "ಹಣ್ಣು ಸಹ ಉಂಟಾ!" ಎಂದು ಬಾಯಿಗೆ ಕೈ ಇಟ್ಟುಕೊಂಡರು. ಶಾಲೆಯ ಟೀಚರು ಆ ಹತ್ತನೆಯ ಎಲೆಗೇ ಗುಡ್ ಹಾಕಿದ್ದರು.

ಆಮೇಲೆ ನನ್ನಿಂದ ಒಂದು ಅನಾಹುತ ಆಯಿತು. ದಿನವೂ ಕೇಳಿ ಕೇಳಿ ಪಾಠ ನನ್ನ ತಲೆಗೂ ಹತ್ತಿತ್ತು. ಒಂದು ಬೆಳಗ್ಗೆ, "ನಾವು ಉಸಿರಾಡುವಾಗ ಯಾವ ಅನಿಲವನ್ನು ಒಳಗೆ ತೆಗೆದುಕೊಳ್ಳುತ್ತೇವೆ?" ಎಂದು ಅವರು ಕೇಳಿದ ಕೂಡಲೇ, ತಡೆಯಲಾಗದೆ, "ಆಮ್ಲಜನಕ!" ಎಂದುಬಿಟ್ಟೆ. ಬಸ್ಸಿನಲ್ಲಿ ಚಪ್ಪಾಳೆ. ನನಗಂತೂ ಆಕಾಶ ಮೂರು ಗೇಣು. ಮೂಡುಬಿದಿರೆಯವರೆಗೆ ಪ್ರಾಪ್ತಿ ತುಟಿ ಬಿಚ್ಚಲಿಲ್ಲ. ಅವಳಿಗೆ ಹೇಳಲು ಏನೂ ಉಳಿದಿರಲಿಲ್ಲ.

ಅವಳು ಶಾಲೆಯ ಗೇಟಿನ ಒಳಗೆ ಹೋದ ಮೇಲೆ ನಾನು ಬಸ್‌ಸ್ಟ್ಯಾಂಡಿಗೆ ಬಂದೆ. ಕಂಡಕ್ಟರು ಚಾ ಕುಡಿಯುತ್ತಿದ್ದವರು ಗ್ಲಾಸು ಇಟ್ಟು ಬಂದರು.

"ಅಕ್ಕ, ನೀವು ಪಾಸಾದರೆ ಹೇಗೆ? ಪಾಸಾಗಬೇಕಾದದ್ದು ಅವಳು."

"ಗೊತ್ತಿದ್ದದ್ದು ಬಾಯಿಗೆ ಬಂತು ಮಾರಾಯ್ರೆ."

"ಬರಲಿ. ನುಂಗಿ. ಪರೀಕ್ಷೆ ಮುಗಿಯುವವರೆಗೆ ನೀವು ಮೂರನೇ ಕ್ಲಾಸಿನಿಂದ ಮೇಲೆ ಹೋಗುವ ಹಾಗಿಲ್ಲ."

ಅಂದಿನಿಂದ ನನ್ನ ಓದು ಶುರುವಾಯಿತು. ಸಂಜೆ ಪ್ರಾಪ್ತಿ ಜಗಲಿಯಲ್ಲಿ ಗಟ್ಟಿಯಾಗಿ ಓದುವಳು. ನಾನು ಬೀಡಿ ಕಟ್ಟುತ್ತ ಕೇಳಿಸಿಕೊಂಡು, ಪ್ರತಿಯೊಂದಕ್ಕೂ ಒಂದು ತಪ್ಪು ಹುಡುಕುವೆ. ಸುಲಭವೆಂದು ತಿಳಿಯಬೇಡಿ. ತೀರಾ ಪೆದ್ದು ಪೆದ್ದಾಗಿ ಹೇಳಿದರೆ ಮಗುವಿಗೆ ಗೊತ್ತಾಗುತ್ತದೆ, ತೀರಾ ಹತ್ತಿರ ಹೋದರೆ ಸರಿಯಾಗಿಬಿಡುತ್ತದೆ. ನನ್ನಂಥವಳು ನಿಜವಾಗಿ ಮಾಡುವ ತಪ್ಪೇ ಆಗಬೇಕು. ತಪ್ಪು ಹೇಳಬೇಕಾದರೆ ಮೊದಲು ಸರಿ ಗೊತ್ತಿರಬೇಕಲ್ಲ, ಹಾಗಾಗಿ ಐದನೆಯ ತರಗತಿಯ ಪುಸ್ತಕ ಪೂರ್ತಿ ನನಗೆ ಬಾಯಿಪಾಠವಾಯಿತು. ಕಂಡಕ್ಟರು ಕೆಲವೊಮ್ಮೆ ಟಿಕೆಟ್ ಕೊಡುತ್ತ ಮೆಲ್ಲ, "ನಿನ್ನೆಯ ತಪ್ಪು ಭಾರೀ ಲಾಯ್ಕಿತ್ತು" ಎನ್ನುವರು. ಶಾಲೆಯಲ್ಲಿದ್ದ ಮೂರು ವರ್ಷ ನನ್ನನ್ನು ಯಾರೂ ಹೊಗಳಿರಲಿಲ್ಲ.

ಕೊನೆಯ ಪರೀಕ್ಷೆಯಲ್ಲಿ ವಿಜ್ಞಾನದ ದಿನ ಬಂತು. ಬಸ್ಸು ತುಂಬಾ ಜನ. ಇವತ್ತು ಕಾಗದ ಖಾಲಿ ಬಿಟ್ಟರೆ ಮಗು ಬಂಟ್ವಾಳದ ಆಚೆಗೆ. ಕಂಡಕ್ಟರು ಎಂದಿನ ಹಾಗೆ ನನ್ನ ಎದುರು ನಿಂತು, "ಅಕ್ಕ, ಬೀಜ ಮೊಳಕೆಯೊಡೆಯಲು ಏನೇನು ಬೇಕು?" ಎಂದರು. ನಾನು ತಯಾರು ಮಾಡಿದ್ದ ತಪ್ಪನ್ನು ಹೇಳಲು ಬಾಯಿ ತೆರೆದೆ.

"ಇವತ್ತು ಅಜ್ಜಿಯನ್ನು ಕೇಳಬೇಡಿ" ಎಂದಳು ಪ್ರಾಪ್ತಿ. "ಅಜ್ಜಿಗೆ ಎಲ್ಲ ಗೊತ್ತುಂಟು. ಬೇಕೆಂದೇ ತಪ್ಪು ಹೇಳುವುದು. ನನ್ನನ್ನು ಕೇಳಿ."

ನಾವಿಬ್ಬರು ದೊಡ್ಡವರು ಕಳ್ಳರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮತ್ತೆ ಅವರು ಪುಸ್ತಕ ತೆಗೆದರು. ಬೀಜದ್ದು ಹೇಳಿದಳು. ಬಾವಲಿಯದ್ದು ಹೇಳಿದಳು. ಶ್ವಾಸಕೋಶ ಹೇಳಿದಳು. ನೀರಿನ ಮೂರು ರೂಪ ಯಾವುದು ಎಂದಾಗ, "ಮಂಜುಗಡ್ಡೆ, ನೀರು..." ಎಂದವಳು ನಿಂತುಬಿಟ್ಟಳು. ಕಣ್ಣು ನೆಲಕ್ಕೆ ಇಳಿಯಿತು. ರೈಸ್ ಮಿಲ್ಲಿನ ಸ್ಟಾಪು ಬಂತು. ಇಳಿಯಬೇಕಾದವರು ಇಬ್ಬರು ಎದ್ದು ನಿಂತಿದ್ದರು, ಇಳಿಯಲಿಲ್ಲ. ಕಂಡಕ್ಟರ ಕೈ ತಗಡಿನ ಹತ್ತಿರ ಹಾಗೆಯೇ ಇತ್ತು. ನನ್ನ ನಾಲಗೆಯ ತುದಿಯಲ್ಲಿ ಉತ್ತರ ಕುಣಿಯುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ.

"ಆವಿ" ಎಂದಳು.

ತಗಡಿಗೆ ಎರಡು ಏಟು ಬಿದ್ದ ಶಬ್ದ ಆ ದಿನ ಸ್ವಲ್ಪ ಜೋರಾಗಿಯೇ ಇತ್ತು.

ಅದೇ ತಿಂಗಳ ಕೊನೆಗೆ ಅವರು ಕೆಲಸ ಬಿಟ್ಟರು. ಮೊಣಕಾಲು ಕೈಕೊಟ್ಟಿತ್ತು. ಒಂದು ದಿನ ಬಸ್ಸು ಹತ್ತಿದರೆ ಹೊಸಬರು ಇದ್ದರು. ಮಗಳ ಮನೆ ಕಕ್ಕಿಂಜೆಯಲ್ಲಿ, ಅಲ್ಲಿಗೆ ಹೋದರು ಎಂದು ಡ್ರೈವರು ಹೇಳಿದರು.

ಪರೀಕ್ಷೆಯ ಫಲ ಬಂದದ್ದು ಅದರ ಮೇಲೆ. ಉತ್ತರ ಪತ್ರಿಕೆಯನ್ನು ಮನೆಯವರ ರುಜು ಹಾಕಿಸಲು ಕೊಟ್ಟು ಕಳಿಸಿದ್ದರು. ಒಂದೂ ಪುಟ ಖಾಲಿ ಇರಲಿಲ್ಲ. ಒಂದು ಪ್ರಶ್ನೆ ಬಿಟ್ಟು ಉಳಿದ ಎಲ್ಲದಕ್ಕೂ ಕೆಂಪು ಶಾಯಿಯ ರೈಟು. ನಾನು ಆ ಕಾಗದವನ್ನು ದೇವರ ಫೋಟೊದ ಎದುರು ಇಟ್ಟೆ, ಮತ್ತೆ ತೆಗೆದೆ, ನೆರೆಮನೆಯವರಿಗೆ ತೋರಿಸಿದೆ, ಮತ್ತೆ ಇಟ್ಟೆ. ಸೊಸೆ ನಗುತ್ತ, "ಅತ್ತೆ, ಮಾರ್ಕು ಉದುರಿಹೋದೀತು" ಎಂದಳು.

ಮುಸ್ಸಂಜೆ ಮಗನ ಫೋನು ಬಂತು. ಅವನಿಗೆ ಖುಷಿಯಾಯಿತು, ಆದರೂ, "ಇಷ್ಟು ಮಾಡಿದವಳು ಹಾಸ್ಟೆಲಿನಲ್ಲಿದ್ದರೆ ಇನ್ನೂ ಮಾಡ್ತಾಳೆ ಅಲ್ಲವಾ ಅಮ್ಮ?" ಎಂದ. ನಾನು ಏನಾದರೂ ಹೇಳುವ ಮೊದಲೇ ಪ್ರಾಪ್ತಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಪಪ್ಪ, ನಾನು ಹೋಗುವುದಿಲ್ಲ. ಅಲ್ಲಿ ಅಮ್ಮ ಇಲ್ಲ, ಅಜ್ಜಿ ಇಲ್ಲ. ಗೊತ್ತಾಗದಿದ್ದರೆ ನಾನು ಟೀಚರನ್ನು ಕೇಳ್ತೇನೆ. ನಿಮಗೆ ಸಂಶಯ ಇದ್ದರೆ ಈಗಲೇ ಪ್ರಶ್ನೆ ಕೇಳಿ."

ಫೋನಿನ ಸ್ಪೀಕರಿನಲ್ಲಿ ಮಗನ ಸ್ವರ ಬಂತು, ಮೆತ್ತಗೆ. "ಅಲ್ಲಿ ಈಗ ಕತ್ತಲಾಗ್ತಾ ಬಂದಿರಬೇಕು. ನನಗಿಲ್ಲಿ ಇನ್ನೂ ಬಿಸಿಲು ಉಂಟು. ಅದು ಯಾಕೆ?"

"ಭೂಮಿ ತಿರುಗುವುದಲ್ಲ ಪಪ್ಪ? ನಮಗೆ ಸೂರ್ಯ ಮೊದಲು ಬರುವುದು, ಮೊದಲು ಹೋಗುವುದು. ನಿಮ್ಮಲ್ಲಿಗೆ ಮತ್ತೆ. ಈಗ ನಮ್ಮ ಬಿಸಿಲೇ ಅಲ್ಲಿಗೆ ಬಂದದ್ದು."

ಮಗ ಮೂಗು ಒರೆಸಿಕೊಂಡ ಶಬ್ದ ಕೇಳಿತು. "ಆಯ್ತು ಮಗಾ. ಅಲ್ಲೇ ಓದು" ಎಂದ.

ಮುಂದಿನ ಆದಿತ್ಯವಾರ ನಾನು ಅವಳನ್ನು ಕರೆದುಕೊಂಡು ಕಕ್ಕಿಂಜೆಗೆ ಹೋದೆ. ಕಂಡಕ್ಟರು ಲುಂಗಿ ಉಟ್ಟು ಅಂಗಳದಲ್ಲಿ ಕುಳಿತಿದ್ದರು. ಖಾಕಿ ಇಲ್ಲದೆ ಮೊದಲಿಗೆ ನನಗೆ ಗುರುತೇ ಹತ್ತಲಿಲ್ಲ. ಹಾಸ್ಟೆಲ್ ಇಲ್ಲವೆಂದು ಹೇಳಿದಾಗ "ಹೌದಾ?" ಎಂದು ಎರಡು ಸಲ ಕೇಳಿದರು. ಉತ್ತರ ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿ, ತಪ್ಪಾದ ಆ ಒಂದೇ ಪ್ರಶ್ನೆಯ ಮೇಲೆ ಬೆರಳಿಟ್ಟರು.

"ಇದು ಯಾಕೆ ಹೋಯಿತು? ಇದನ್ನು ಕೇಳಿದ್ದೆನಲ್ಲ?"

"ಆ ದಿನ ಬಸ್ಸು ರಶ್ ಇತ್ತು. ನೀವು ಅರ್ಧದಲ್ಲಿ ಟಿಕೆಟಿಗೆ ಹೋದದ್ದು" ಎಂದಳು ಪ್ರಾಪ್ತಿ, ಅವರ ಮುಖವನ್ನೇ ನೋಡುತ್ತ.

"ಹಾಗಾದರೆ ಅದು ನನ್ನ ತಪ್ಪು" ಎಂದರು. "ನಾಲ್ಕನೇ ಸಲ ಹೋದೆ ಮಾರಾಯ್ತಿ" ಎಂದು ಮೊಣಕಾಲು ಹಿಡಿದುಕೊಂಡು ನಕ್ಕರು. ಅವರ ಮಗಳು ಶರಬತ್ತು ತಂದಿಟ್ಟಳು. ಹೊರಡುವಾಗ ಕುಂಟುತ್ತ ರಸ್ತೆಯವರೆಗೆ ಬಂದು, ಚಾರ್ಮಾಡಿ ಕಡೆಯಿಂದ ಬಂದ ಬಸ್ಸಿಗೆ ತಾವೇ ಕೈ ಅಡ್ಡ ಹಿಡಿದು, ಬೆಳ್ತಂಗಡಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಿರಿ ಎಂದು ಹೇಳಿ ನಮ್ಮನ್ನು ಹತ್ತಿಸಿದರು.

ನನಗೆ ಕಿಟಕಿಯ ಬದಿಯ ಸೀಟು ಸಿಕ್ಕಿತು. ಪ್ರಾಪ್ತಿ ಆಚೆ ಸೀಟಿನ ಗುರುತಿಲ್ಲದ ಹೆಂಗಸಿನ ಜೊತೆ ಏನೋ ಮಾತಾಡತೊಡಗಿದ್ದು ಕೇಳುತ್ತಿತ್ತು. ಯಾವ ಊರು, ಯಾವ ಕ್ಲಾಸು, ಅವರು ಕೇಳಿದ್ದಕ್ಕೆಲ್ಲ ಉತ್ತರ. ಅಷ್ಟೇ ನನಗೆ ನೆನಪಿರುವುದು. ಬಸ್ಸಿನಲ್ಲಿ ನಾನು ಅದುವರೆಗೆ ಎಂದೂ ಕಣ್ಣು ಮುಚ್ಚಿದವಳಲ್ಲ.

"ಅಜ್ಜಿ, ಏಳಿ" ಎಂದು ಭುಜ ಹಿಡಿದು ಅಲುಗಿಸಿದಾಗ ನನ್ನ ಚೀಲ ಅವಳ ಹೆಗಲಲ್ಲಿತ್ತು, ಕ್ಲೀನರನಿಗೆ ನಿಲ್ಲಿಸಲು ಅವಳೇ ಹೇಳಿಯಾಗಿತ್ತು. "ಬೆಳ್ತಂಗಡಿ ಬಂತು. ಇಳಿಯುವ."